ಕೋಲಾಟ ನಿಂತ ದಿನಗಳು

ನಮ್ಮದು ದೊಡ್ಡ ಸಂಘವೇನಲ್ಲ. ತಾಜಸುಲ್ತಾನಪುರದ ಗುಡಿಯ ಮುಂದೆ ಶುಕ್ರವಾರ ಸಂಜೆ ಕೂಡಿ ಕೋಲಾಟ ಆಡುವ ಹನ್ನೆರಡು ಹೆಂಗಸರು, ಅಷ್ಟೆ. ಸೊಸೆಯಂದಿರಿಗೆ ಅದು ಮನೆಯಿಂದ ಹೊರಬೀಳಲು ಸಿಗುವ ಒಂದು ತಾಸು. ನನಗೆ ಶಾಲೆಯ ಉತ್ತರಪತ್ರಿಕೆಗಳಿಂದ ಬಿಡುಗಡೆ. ಕೋಲುಗಳ ಗಂಟು ಇರುತ್ತಿದ್ದದ್ದು ಆಯಿಯ ಮನೆಯಲ್ಲಿ. ಎಪ್ಪತ್ತು ದಾಟಿದ ಒಂಟಿ ಜೀವ. ಕೋಲಾಟದಲ್ಲಿ ನನ್ನ ಜೋಡಿ ಆಕೆಯೇ.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೊರೊನಾ ಸಾವು ಅದೇ ಎಂದು 12ರಂದು ಗೊತ್ತಾಯಿತು. ಮರುದಿನವೇ ಶುಕ್ರವಾರ. “ದೇವರ ಮುಂದ ಆಡಾದಕ್ಕ ಎಂಥ ಹೆದರಿಕಿ?” ಅಂದಳು ಒಬ್ಬಳು. ಬೇಡ ಎಂದವಳು ನಾನೇ. ಕೋಲಾಟದಲ್ಲಿ ಮುಖಕ್ಕೆ ಮುಖ ಕೊಟ್ಟು ಏರುದನಿಯಲ್ಲಿ ಹಾಡಬೇಕು. ಸುತ್ತು ತಿರುಗುತ್ತ ಒಬ್ಬರಿಗೊಬ್ಬರು ಎದುರಾಗುತ್ತಲೇ ಇರಬೇಕು. ನನಗೆ ಹೆದರಿಕೆಯಿಲ್ಲ ಎನ್ನುವುದು ಸುಲಭ. ಆದರೆ ಆ ಧೈರ್ಯದ ಬೆಲೆ ತೆರುವವರು ಮನೆಯಲ್ಲಿ ಮಲಗಿದ ಅತ್ತೆ, ಮಾವ. ಇನ್ನೊಬ್ಬರ ಜೀವ ಪಣಕ್ಕಿಟ್ಟು ಧೈರ್ಯ ತೋರಿಸುವ ಹಕ್ಕು ನಮಗೆಲ್ಲಿಯದು? ಎಲ್ಲರೂ ಒಪ್ಪಿದರು. ಆಯಿ ಮಾತಾಡದೆ ಗಂಟು ಕಟ್ಟಿಕೊಂಡು ಹೋದಳು.

25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ನಾವು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಹಳೆಯ ಕೋಲಾಟದ ವಿಡಿಯೋ, ಕಷಾಯ ಮಾಡುವ ಬಗೆ, ದಿನಕ್ಕೊಂದು ಸುದ್ದಿ. ನಿಲ್ಲಿಸಿ ಒಳ್ಳೆಯದು ಮಾಡಿದೆವು ಎಂದು ಒಬ್ಬರನ್ನೊಬ್ಬರು ಹೊಗಳಿಕೊಂಡದ್ದೂ ಉಂಟು. ಆ ಗುಂಪಿನಲ್ಲಿ ಹನ್ನೊಂದು ಮಂದಿ ಇದ್ದೆವು. ಆಯಿಯ ಹತ್ತಿರ ಮೊಬೈಲ್ ಇರಲಿಲ್ಲ. ಆಕೆಯ ಮನೆ ನಮ್ಮ ಮನೆಯಿಂದ ಎರಡೇ ಓಣಿ ಆಚೆ. ಆಕೆಗೆ ರೋಗ ಮುಟ್ಟಿಸಬಾರದೆಂದೇ ಹೋಗುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡ ಮೇಲೆ ಆಕೆಯ ನೆನಪೂ ಕಡಿಮೆಯಾಯಿತು.

ಜೂನ್‌ನಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹೋದೆ. ಅಂದು ಶುಕ್ರವಾರವೇ. ಕಟ್ಟೆಯ ಮೇಲೆ ಹನ್ನೆರಡು ಜೋಡಿ ಕೋಲು ಸಾಲಾಗಿ ಇಟ್ಟು, ಆಯಿ ಒಂದೊಂದಕ್ಕೇ ಕುಸುಬಿ ಎಣ್ಣೆ ಸವರುತ್ತಿದ್ದಳು. ವಾರಾ ವಾರಾ ಹೀಗೆ ಮಾಡುತ್ತಿದ್ದಳಂತೆ. ನನ್ನನ್ನು ನೋಡಿ ಅಂದಳು:

“ಆಡಾದು ಬ್ಯಾಡ ಅಂದ್ರಿ ಟೀಚರವ್ವಾ, ಖರೆ ಅದ. ಬಾಗಿಲಿಗಿ ನಿಂತು ಮಾತಾಡಾದು ಭಿ ಬ್ಯಾಡ ಅಂದಿದ್ರೇನು?”

ನನ್ನ ಬಳಿ ಉತ್ತರವಿರಲಿಲ್ಲ. ಪ್ಲೇಗಿನ ಕಾಲದ ಸುದ್ದಿಯನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಗುಡಿಸಲುಗಳು ದೂರ ದೂರ. ಆದರೂ ಕತ್ತಲಾಗುವ ಹೊತ್ತಿಗೆ ಒಂದರಿಂದ ಒಂದಕ್ಕೆ ಕೂಗು ಹೋಗುತ್ತಿತ್ತಂತೆ: ಊಟ ಆಯ್ತೇನು? ಮಕ್ಕಳು ಹುಷಾರೇನು? ಅವರು ಊರು ಬಿಟ್ಟರೂ ನೆರೆ ಬಿಟ್ಟಿರಲಿಲ್ಲ. ನಾನು ಊರಲ್ಲೇ ಇದ್ದು ನೆರೆ ಬಿಟ್ಟಿದ್ದೆ.

ಕೋಲಾಟ ನಿಲ್ಲಿಸಿದ್ದು ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ. 2021ರ ಎರಡನೆಯ ಅಲೆ ಕಂಡವರಾರೂ ಹಾಗೆ ಅನ್ನಲಾರರು. ಆದರೆ ತಪ್ಪು ಮಾಡಿದಾಗ ಮನಸ್ಸು ಚುಚ್ಚುತ್ತದೆ, ನಾವು ಎಚ್ಚರವಾಗುತ್ತೇವೆ. ಸರಿಯಾದದ್ದನ್ನು ಮಾಡಿದಾಗ ಚುಚ್ಚುವುದೇ ಇಲ್ಲ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ನಿದ್ದೆ ಬರುತ್ತದೆ. ಒಂದು ನಿರ್ಧಾರ ಎಲ್ಲರಿಗೂ ಒಳ್ಳೆಯದಾದರೂ ಅದರ ಭಾರ ಎಲ್ಲರ ಮೇಲೂ ಒಂದೇ ಸಮನೆ ಬೀಳುವುದಿಲ್ಲ. ಯಾರ ಮೇಲೆ ಹೆಚ್ಚು ಬಿತ್ತು ಎಂದು ಹೋಗಿ ನೋಡುವವರೆಗೆ ಆ ನಿರ್ಧಾರ ಅರ್ಧವೇ ಸರಿ.

2022ರ ಯುಗಾದಿಯ ನಂತರ ಮತ್ತೆ ಕೂಡಿದೆವು. ಎರಡು ವರ್ಷ ಕೂತಲ್ಲೇ ಕೂತು ಆಯಿಯ ಮೊಣಕಾಲು ಹಿಡಿದುಕೊಂಡಿತ್ತು. ನಾಲ್ಕು ಹೆಜ್ಜೆ ಹಾಕಿ, ಕೋಲು ನನ್ನ ಕೈಗಿಟ್ಟು ಕಟ್ಟೆಗೆ ಹೋಗಿ ಕೂತಳು. ಈಗ ಕೂತಲ್ಲಿಂದಲೇ ತಾಳ ಹಾಕುತ್ತಾಳೆ, ನಮ್ಮ ಹೆಜ್ಜೆ ತಪ್ಪಿದರೆ ಬೈಯುತ್ತಾಳೆ. ನನ್ನ ಜೋಡಿಗೆ ಎದುರು ಮನೆಯ ಹುಡುಗಿಯೊಬ್ಬಳು ಬಂದಿದ್ದಾಳೆ. ಕೋಲುಗಳ ಗಂಟು ಮಾತ್ರ ಇನ್ನೂ ಆಯಿಯ ಮನೆಯಲ್ಲೇ ಇದೆ. ಅದನ್ನು ತರಲು ಪ್ರತಿ ಶುಕ್ರವಾರ ನಾನೇ ಹೋಗುತ್ತೇನೆ, ಅರ್ಧ ತಾಸು ಮೊದಲೇ.