ಬಿಸಿಲಿಗೆ ಬಂದವರ ಕಾಯಕ

ಬ್ರಿಟನ್ನಿನಲ್ಲಿ ನಿವೃತ್ತರಾದವರು ಬಿಸಿಲಿರುವ ದೇಶ ಹುಡುಕಿಕೊಂಡು ಹೋಗುವುದು ಹೊಸದೇನಲ್ಲ. ಅಲ್ಲಿಯವರು ಸ್ಪೇನ್, ಪೋರ್ಚುಗಲ್, ಸೈಪ್ರಸ್ ಕಡೆ ಹೊರಡುತ್ತಾರೆ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡದವರಲ್ಲಿ ಕೆಲವರು ಬೆಂಗಳೂರಿಗೆ ವಾಪಸು ಬರುತ್ತೇವೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು, ಪಿಂಚಣಿಯ ವಯಸ್ಸು ತುಂಬಿದ ಮೇಲೆ, 2019ರಲ್ಲಿ ನಾನು ಬಸವೇಶ್ವರನಗರಕ್ಕೆ ಬಂದೆ. ನಮ್ಮ ಯಜಮಾನರು ಅಷ್ಟರಲ್ಲಿ ತೀರಿಕೊಂಡಿದ್ದರು. ಮಗಳು, ಮೊಮ್ಮಕ್ಕಳು ಬರ್ಮಿಂಗ್‌ಹ್ಯಾಮಿನಲ್ಲಿದ್ದಾರೆ. ಯಾಕೆ ಬಂದಿರಿ ಎಂದು ಕೇಳುವವರು ಇನ್ನೂ ಇದ್ದಾರೆ. ಬಂದ ಮೇಲೆ ಇಲ್ಲಿ ಹೇಗೆ ಬದುಕಬೇಕು ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ಧರ್ಮದ ಪ್ರಶ್ನೆ.

ಬಿಸಿಲು ಬೇಕೆನ್ನುವುದರಲ್ಲಿ ತಪ್ಪಿಲ್ಲ. ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸೂರ್ಯ ಸಂಜೆ ನಾಲ್ಕರ ಹೊತ್ತಿಗೇ ಮುಳುಗುತ್ತಾನೆ. ಹಗಲು ಪಾಳಿ ಎಂದರೆ ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆ ಸೇರುವುದು. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನ ಹಗಲು ವರ್ಷವಿಡೀ ಹನ್ನೊಂದು ಗಂಟೆಗಿಂತ ಕಡಿಮೆಯಾಗುವುದಿಲ್ಲ, ಚಳಿಗಾಲದಲ್ಲೂ ಮಹಡಿಯ ಮೇಲೆ ಕುಳಿತು ಬೆನ್ನು ಕಾಯಿಸಿಕೊಳ್ಳಬಹುದು. ಈ ಊರನ್ನು ಪಿಂಚಣಿದಾರರ ಸ್ವರ್ಗ ಎಂದು ಹಿಂದಿನವರು ಸುಮ್ಮನೆ ಕರೆಯಲಿಲ್ಲ. ಮೊಣಕಾಲು ನೋವು ತಗ್ಗಿದರೆ ಅದೂ ದೇವರ ಕೃಪೆಯೇ. ದೇಹವನ್ನು ದಂಡಿಸುವುದು ಶರಣರ ಮಾರ್ಗವಲ್ಲ.

ನನ್ನ ಹಾಗೆ ಬಂದ ಕೆಲವು ಗೆಳತಿಯರು ಇದನ್ನು ವಾನಪ್ರಸ್ಥ ಎನ್ನುತ್ತಾರೆ. ಆ ಮಾತನ್ನು ನಾನು ಒಪ್ಪಲಾರೆ. ಮನುಸ್ಮೃತಿ ಹೇಳುವ ವಾನಪ್ರಸ್ಥ, ಚರ್ಮ ಸುಕ್ಕಾಗಿ, ಕೂದಲು ನರೆತು, ಮಕ್ಕಳ ಮಕ್ಕಳನ್ನು ಕಂಡ ಗೃಹಸ್ಥನಿಗೆ. ಅವನು ಕಾಡಿಗೆ ಹೋಗಿ ಗೆಡ್ಡೆಗೆಣಸು ತಿಂದು, ನೆಲದ ಮೇಲೆ ಮಲಗುತ್ತಾನೆ. ತನ್ನ ಬೇಕುಗಳನ್ನು ದಿನೇದಿನೇ ಕಳಚಿಕೊಳ್ಳುತ್ತಾನೆ. ನಾವು ಬಂದದ್ದು ಲಿಫ್ಟ್ ಇರುವ ಅಪಾರ್ಟ್‌ಮೆಂಟಿಗೆ. ಪಾತ್ರೆ ತೊಳೆಯಲು ಒಬ್ಬರು, ಅಡುಗೆಗೆ ಒಬ್ಬರು, ಕಾರಿಗೆ ಒಬ್ಬರು. ಇಂಗ್ಲೆಂಡಿನಲ್ಲಿ ನಮ್ಮ ಪಾತ್ರೆಯನ್ನು ನಾವೇ ತೊಳೆಯುತ್ತಿದ್ದೆವು. ಬೇಕುಗಳು ಕಳಚಲಿಲ್ಲ, ಅವುಗಳ ಭಾರ ಬೇರೆಯವರ ಬೆನ್ನಿಗೆ ಹೋಯಿತು. ಹೀಗಿರುವಾಗ ನಮ್ಮ ಸುಖಕ್ಕೆ ಋಷಿಗಳ ಹೆಸರಿಡುವುದು ಸರಿಯಲ್ಲ.

ಬಂದ ಮೇಲೆ ಹೇಗೆ ಬದುಕಬೇಕು ಎನ್ನುವುದಕ್ಕೆ ಶರಣ ಮೋಳಿಗೆಯ ಮಾರಯ್ಯನ ಕಥೆಯೇ ತಕ್ಕ ದೃಷ್ಟಾಂತ. ಹನ್ನೆರಡನೆಯ ಶತಮಾನದಲ್ಲಿ ಕಾಶ್ಮೀರದ ಅರಸ, ರಾಣಿಯ ಜೊತೆ ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದನೆಂದು ಪರಂಪರೆ ಹೇಳುತ್ತದೆ. ಹಿಮದ ನಾಡಿನಿಂದ ಈಗಿನ ಬೀದರ್ ಜಿಲ್ಲೆಯ ಬಿಸಿಲಿಗೆ ಬಂದವನು ಅವನು. ಬಂದು ಅರಮನೆ ಕಟ್ಟಿಸಲಿಲ್ಲ. ಕಾಡಿನಿಂದ ಸೌದೆ ಕಡಿದು, ಹೊರೆ ಹೊತ್ತು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸಿದ. ಒಮ್ಮೆ ಬಸವಣ್ಣನವರು ವೇಷ ಮರೆಸಿಕೊಂಡು ಬಂದು ಅವನ ಮನೆಯಲ್ಲಿ ಅಂಬಲಿ ಕುಡಿದು, ಗೊತ್ತಾಗದ ಹಾಗೆ ಹೊನ್ನು ಇಟ್ಟು ಹೋದರಂತೆ. ಮಾರಯ್ಯ ಅದನ್ನು ಜಂಗಮರಿಗೆ ಹಂಚಿಬಿಟ್ಟ, ತನಗೆಂದು ಇಟ್ಟುಕೊಳ್ಳಲಿಲ್ಲ. ಆಯ್ದಕ್ಕಿ ಲಕ್ಕಮ್ಮನದೂ ಇದೇ ನಿಲುವು. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದ ಹೆಣ್ಣುಮಗಳು ಆಕೆ. ಬೇರೆ ಊರಿಂದ ಬಂದವನು ಕಲ್ಯಾಣದವನಾದದ್ದು ಅಲ್ಲಿ ಮನೆ ಮಾಡಿದ್ದರಿಂದಲ್ಲ, ಅಲ್ಲಿಯವರ ನಡುವೆ ಕಾಯಕ ಹಿಡಿದದ್ದರಿಂದ.

ನಾವೇನು ಮಾಡುತ್ತೇವೆ? ನಾವು ಹೊನ್ನಿನ ಚೀಲ ಹೊತ್ತುಕೊಂಡೇ ಬರುತ್ತೇವೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಭಾರತಕ್ಕೆ ಬಂದು ನೆಲೆಸಿದವರಿಗೆ ವರ್ಷವರ್ಷ ಏರುವುದಿಲ್ಲ. 2019ರಲ್ಲಿ ಹೊಸ ಪಿಂಚಣಿಯ ಪೂರ್ಣ ದರ ವಾರಕ್ಕೆ 168.60 ಪೌಂಡ್ ಇತ್ತು. ಅಲ್ಲೇ ಉಳಿದವರಿಗೆ ಅದು 2025ರಲ್ಲಿ 230.25 ಪೌಂಡ್ ಆಯಿತು, ಇಲ್ಲಿಗೆ ಬಂದವರಿಗೆ ಬಂದ ವರ್ಷದ ದರದಲ್ಲೇ ನಿಂತಿದೆ. ನಮ್ಮವರು ಸೇರಿದಲ್ಲೆಲ್ಲ ಇದೇ ಮಾತು. ಆ ಅಸಮಾಧಾನ ನ್ಯಾಯವಾದದ್ದೇ. ಆದರೆ ಆ ನಿಂತ ಪಿಂಚಣಿಯನ್ನೇ ರೂಪಾಯಿಗೆ ತಿರುಗಿಸಿದರೆ ವಾರಕ್ಕೆ 18 ಸಾವಿರ ದಾಟುತ್ತದೆ. ನನ್ನ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ನಾಲ್ಕು ಮನೆ ಮಾಡಿ ಇಡೀ ತಿಂಗಳು ದುಡಿದರೂ ಅಷ್ಟು ಕಾಣುವುದಿಲ್ಲ. ನಾನು ಆಕೆಗಿಂತ ನಾಲ್ಕು ಪಟ್ಟು ಹೆಚ್ಚು ದುಡಿದವಳೇನಲ್ಲ. ವಿನಿಮಯ ದರ ನನ್ನ ಕಡೆಗಿದೆ, ಅಷ್ಟೇ. ಬೆವರಿಲ್ಲದೆ ಬಂದ ಈ ಹೆಚ್ಚಳವೇ ಲಕ್ಕಮ್ಮ ವಾಪಸು ಸುರಿಸಿದ ಅಕ್ಕಿ.

ಮನೆಗೆಲಸದ ಆ ಹೆಣ್ಣುಮಗಳು ಕಾಮಾಕ್ಷಿಪಾಳ್ಯದಿಂದ ನಡೆದು ಬರುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ನೆಲ ಒರೆಸುತ್ತಿದ್ದವರು ಗೋಡೆ ಹಿಡಿದು ಕುಳಿತರು. "ಬಿಸ್ಲಿಗೆ ತಲೆ ಹಿಡ್ಕೊಂಡಿದೆ ಅಷ್ಟೇ ಅಮ್ಮ, ಒಂದು ಮಾತ್ರೆ ನುಂಗಿದ್ರೆ ಹೋಗುತ್ತೆ" ಎಂದರು. ಕುರ್ಚಿಯ ಮೇಲೆ ಕೂರಿಸಿದೆ. ಕೂರಲು ಸಂಕೋಚಪಟ್ಟು ತುದಿಯಲ್ಲಿ ಕುಳಿತರು. ಬಳೆಗಳನ್ನು ಮೇಲಕ್ಕೆ ಸರಿಸಬೇಡಿ, ತೋಳು ಸಡಿಲ ಬಿಡಿ ಎಂದು ಹೇಳಿ ಬಿ.ಪಿ. ಪಟ್ಟಿ ಕಟ್ಟಿದೆ. ಸೋಪಿನ ನೀರಿಗೆ ಬೆರಳ ಸಂದುಗಳು ಬೆಳ್ಳಗೆ ಬಿರಿದಿದ್ದವು. ಯಂತ್ರ 178ಕ್ಕೆ 104 ತೋರಿಸಿತು. ಐದು ನಿಮಿಷ ಬಿಟ್ಟು ನೋಡಿದರೂ ಹೆಚ್ಚು ಇಳಿಯಲಿಲ್ಲ. "ಮೊದ್ಲು ಯಾವಾಗ ನೋಡಿಸಿದ್ರಿ?" ಎಂದು ಕೇಳಿದರೆ, "ಚಿಕ್ಕೋನು ಹುಟ್ಟಿದಾಗ" ಎಂದರು. ಆ ಮಗ ಈಗ ಪಿಯುಸಿ ಓದುತ್ತಿದ್ದಾನೆ. ನನ್ನ ಮೊಣಕಾಲಿಗೆ ಔಷಧಿಯಾದ ಬಿಸಿಲಿನಲ್ಲೇ ಆಕೆ ಒಂದು ಮನೆಯಿಂದ ಇನ್ನೊಂದಕ್ಕೆ ಓಡುತ್ತಾರೆ. ಒಂದೇ ಬಡಾವಣೆಯಲ್ಲಿ ಇಬ್ಬರಿಗೂ ಬೀಳುವ ಬಿಸಿಲು ಬೇರೆ ಬೇರೆ.

ಆಕೆಗೆ 46 ವರ್ಷ. ಅಸಂಘಟಿತ ಕಾರ್ಮಿಕರಿಗೆಂದು 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೂ, 2015ರ ಅಟಲ್ ಪಿಂಚಣಿಗೂ ಸೇರಲು 40ರೊಳಗಿರಬೇಕು. ಎರಡೂ ತಪ್ಪಿಹೋಗಿವೆ. 65 ತುಂಬಿ, ಅರ್ಜಿ ಮಂಜೂರಾದರೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಸಿಕ್ಕೀತು. ನನ್ನ ಮುಪ್ಪನ್ನು ನೋಡಿಕೊಳ್ಳುತ್ತಿರುವವರ ಮುಪ್ಪಿಗೆ ಇರುವ ಆಸರೆ ಅಷ್ಟೇ.

ಬ್ರಿಟನ್ನಿನಲ್ಲಿ ಕೆಲಸಗಾರರಿಗೆ ವರ್ಷಕ್ಕೆ 5.6 ವಾರ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ಮನೆಯಲ್ಲಿ ಆರೈಕೆಗೆ ಒಬ್ಬರನ್ನು ಇಟ್ಟುಕೊಂಡವರೂ, ಸಂಬಳ ಒಂದು ಮಿತಿ ದಾಟಿದರೆ, ಅವರ ಪಿಂಚಣಿಗೆ ತಮ್ಮ ಪಾಲು ಕಟ್ಟಲೇಬೇಕು. ಅಲ್ಲಿ ನಾನು ಕೆಲಸಗಾರ್ತಿಯಾಗಿದ್ದಾಗ ಹಕ್ಕು ಎಂದು ಪಡೆದದ್ದು, ಇಲ್ಲಿ ಕೆಲಸ ಕೊಡುವವಳಾದ ಕೂಡಲೇ ನನ್ನ ದಯೆ ಆಗಿಬಿಡಬಾರದು. ಹಬ್ಬಕ್ಕೊಂದು ಸೀರೆ ಕೊಟ್ಟು ಪುಣ್ಯ ಬಂತು ಎಂದುಕೊಳ್ಳುವುದು ಸುಲಭ. ವಾರದ ರಜೆ, ಹುಷಾರಿಲ್ಲದ ದಿನದ ಸಂಬಳ, ಆಕೆಯ ಹೆಸರಿನಲ್ಲಿ ಅಂಚೆ ಕಚೇರಿಯ ಆರ್.ಡಿ. ಇವು ದಾನವಲ್ಲ, ಬಾಕಿ ತೀರಿಸುವುದು.

ಇದರ ಜೊತೆಗೆ ನನ್ನ ಕಾಯಕವನ್ನೂ ಮತ್ತೆ ಹಿಡಿದಿದ್ದೇನೆ. ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗಡೆ ಮನೆಗೆಲಸದವರು, ಸೆಕ್ಯುರಿಟಿಯವರು, ಇಸ್ತ್ರಿಯವರು ಬರುತ್ತಾರೆ. ಬಿ.ಪಿ., ಶುಗರ್ ನೋಡಿ ಪುಸ್ತಕದಲ್ಲಿ ಬರೆದು ಕೊಡುತ್ತೇನೆ. ಹೆಚ್ಚಿದ್ದರೆ ಸರ್ಕಾರದ 'ನಮ್ಮ ಕ್ಲಿನಿಕ್'ಗೆ ಕಳಿಸುತ್ತೇನೆ. ಮಾತ್ರೆ ಕೊಡುವುದು ವೈದ್ಯರ ಕೆಲಸ, ಅದಕ್ಕೆ ಕೈ ಹಾಕುವುದಿಲ್ಲ.

ಜೀವಮಾನವೆಲ್ಲ ದುಡಿದವರಿಗೆ ವಿಶ್ರಾಂತಿ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ನೌಕರಿಗೆ ನಿವೃತ್ತಿ ಇದೆ, ಅದು ನ್ಯಾಯ. ಶರಣರು ಮಾತ್ರ ಕಾಯಕಕ್ಕೆ ವಯಸ್ಸಿನ ಗಡಿ ಹಾಕಲಿಲ್ಲ, ಏಕೆಂದರೆ ಅವರಿಗೆ ಕಾಯಕ ಎಂದರೆ ಸಂಬಳದ ದಾರಿ ಮಾತ್ರವಲ್ಲ, ಲೋಕದ ಜೊತೆಗಿನ ನಂಟು. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದ ನನಗೆ ಇಲ್ಲಿ ಇರುವುದು ಓಸಿಐ ಕಾರ್ಡ್. ಬದುಕಲು ಅಡ್ಡಿಯಿಲ್ಲ, ಓಟು ಹಾಕುವಂತಿಲ್ಲ. ಕಾಗದದ ಮೇಲೆ ಪೂರ್ತಿ ದಕ್ಕದ ಊರು ಕಾಯಕದಿಂದ ದಕ್ಕುತ್ತದೆ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಲ್ಲಿ ಪ್ರತಿಮೆಗೆ ಕೈ ಮುಗಿದವರು ಇಲ್ಲಿ ಅವರ ಹೆಸರಿನ ಬಡಾವಣೆಯಲ್ಲಿ ಲೆಕ್ಕ ತಪ್ಪಿಸಬಾರದು.

ಲೆಸ್ಟರ್, ಸ್ಲೌ, ಮ್ಯಾಂಚೆಸ್ಟರ್‌ಗಳಲ್ಲಿ ಪೆಟ್ಟಿಗೆ ಕಟ್ಟುತ್ತಿರುವ ಕನ್ನಡದವರಿಗೆ ನನ್ನದೊಂದು ಮಾತು. ಧಾರಾಳವಾಗಿ ಬನ್ನಿ. ಬಿಸಿಲು ಚೆನ್ನಾಗಿದೆ, ಭಾಷೆ ನಮ್ಮದು, ಮೆಟ್ರೊ ಈಗ ಕೆಂಗೇರಿಯನ್ನೂ ದಾಟಿ ಹೋಗುತ್ತದೆ. ಬಂದ ಮೇಲೆ ಕೈಲಾಗುವ ಒಂದು ಕಾಯಕ ಹಿಡಿಯಿರಿ. ಮೊದಲ ತಿಂಗಳೇ, ನಿಮ್ಮ ಮನೆಯ ಕೆಲಸಕ್ಕೆ ಬರುವವರನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೋಗಿ ಅವರ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ.