ಪಶುವಿನ ಹಕ್ಕು, ಶ್ರಾವಕನ ವ್ರತ

ಪ್ರಾಣಿಗಳಿಗೂ ಹಕ್ಕುಗಳುಂಟೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಬಾಯಿಲ್ಲದ ಪಶು ಹಕ್ಕನ್ನು ಕೇಳುವುದೆಂತು, ಕರ್ತವ್ಯವನ್ನರಿಯದ ಜೀವಿಗೆ ಹಕ್ಕೆಲ್ಲಿಯದು ಎಂದು ಆಕ್ಷೇಪಿಸುವವರೂ ಉಂಟು. ಆದರೆ ತೊಟ್ಟಿಲ ಕೂಸೂ ಹಕ್ಕನ್ನು ಕೇಳಲರಿಯದು, ಕರ್ತವ್ಯವನ್ನೂ ಅರಿಯದು. ಅದಕ್ಕೆ ಹಾಲು ಸಲ್ಲಬೇಕೆಂಬುದನ್ನು ಯಾರೂ ಅಲ್ಲಗಳೆಯರು. ನೋವನ್ನು ಅನುಭವಿಸಬಲ್ಲ ಜೀವ ಎದುರಿಗಿದ್ದರೆ ಸಾಕು, ಕರ್ತವ್ಯವು ಅರಿವುಳ್ಳವನ ಮೇಲೆ ಬೀಳುತ್ತದೆ.

ಈ ಕರ್ತವ್ಯದ ಎಲ್ಲೆಯನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸಿದ್ದಾರೆ. ಅಹಿಂಸಾಣುವ್ರತಕ್ಕೆ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರುಗಳನ್ನು ತಡೆಯುವುದು. ಇಲ್ಲಿ ವಧವೆಂದರೆ ಹೊಡೆತವೇ ಹೊರತು ಕೊಲೆಯಲ್ಲ. ಕೊಂದರೆ ವ್ರತವೇ ಭಂಗವಾದಂತೆ. ಆದುದರಿಂದ ‘ಕೊಲ್ಲಲಿಲ್ಲವಷ್ಟೆ’ ಎಂಬ ಸಮಾಧಾನಕ್ಕೆ ಶ್ರಾವಕನಲ್ಲಿ ಎಡೆಯಿಲ್ಲ.

ದಯೆಗೂ ಹಕ್ಕಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ದಯೆಯನ್ನು ಮನಸ್ಸು ಬಂದಾಗ ತೋರಿ, ಬೇಸರವಾದಾಗ ಹಿಂತೆಗೆಯಬಹುದು. ವ್ರತ ಕೈಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಎತ್ತಿಗೆ ಹಾಕುವ ಮೇವು ಉಪಕಾರವಲ್ಲ, ಸಲ್ಲಬೇಕಾದುದರ ಸಲ್ಲಿಕೆ. ಅವನ ವ್ರತವೇ ಪಶುವಿನ ಹಕ್ಕು.

ರಾಷ್ಟ್ರದ ಕಾನೂನೂ ಈ ದಾರಿಯಲ್ಲಿ ಕೆಲವು ಹೆಜ್ಜೆ ನಡೆದಿದೆ. ಹೊಡೆತ, ಅತಿಭಾರ, ಅನ್ನನೀರುಗಳ ನಿರಾಕರಣೆಯನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅಪರಾಧವೆಂದಿದೆ. ಹಸಿವು ಬಾಯಾರಿಕೆಗಳಿಂದ ಬಿಡುಗಡೆಯೇ ಮೊದಲಾದ ಐದು ಸ್ವಾತಂತ್ರ್ಯಗಳನ್ನು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಜಲ್ಲಿಕಟ್ಟು, ಕಂಬಳಗಳ ವಿಚಾರದಲ್ಲಿ 2023ರಲ್ಲಿ ತೀರ್ಪಿತ್ತ ಸಂವಿಧಾನ ಪೀಠವಾದರೋ ಪ್ರಾಣಿಗಳಿಗೆ ಮೂಲಭೂತ ಹಕ್ಕುಂಟೆಂಬ ವಾದವನ್ನು ಒಪ್ಪಲಿಲ್ಲ. ಕಾನೂನು ಹೀಗೆ ತೂಗಿ ನೋಡುತ್ತಿರಲಿ. ವ್ರತವು ತೀರ್ಪಿಗಾಗಿ ಕಾಯುವಂಥದಲ್ಲ.

ಉಪವಾಸ ಮಾಡುವವರು ಐದನೆಯ ಅತಿಚಾರವನ್ನು ವಿಶೇಷವಾಗಿ ನೆನೆಯಬೇಕು. ಅಷ್ಟಮಿ ಚತುರ್ದಶಿಗಳಂದು ಶ್ರಾವಕನು ಆಹಾರವನ್ನು ತ್ಯಜಿಸುವುದು ತಪಸ್ಸು, ಏಕೆಂದರೆ ಅದು ಸ್ವೇಚ್ಛೆಯಿಂದ ಆದುದು. ಅಂದು ಕೊಟ್ಟಿಗೆಯಲ್ಲಿ ಮೇವಿಗಾಗಿ ಕಾದುನಿಂತ ಹಸುವಿನದು ತಪಸ್ಸಲ್ಲ, ಬರಿಯ ಹಸಿವು. ಮರುದಿನದ ಪಾರಣೆಯ ಹಾಲೂ ವಿಚಾರಕ್ಕೆ ಹೊರತಲ್ಲ. ಕರುವನ್ನು ಕೆಚ್ಚಲಿಂದ ದೂರ ಕಟ್ಟಿ ಅದರ ಪಾಲನ್ನೂ ಕರೆದುಕೊಂಡರೆ ಅಲ್ಲಿ ಬಂಧವೂ ಉಂಟು, ಅನ್ನಪಾನನಿರೋಧವೂ ಉಂಟು. ಲೋಟದ ಹಾಲು ಎಷ್ಟೇ ಬೆಳ್ಳಗಿದ್ದರೂ ಅದರಿಂದ ಪಾರಣೆ ಶುದ್ಧವಾಗದು. ಕರುವಿನ ಪಾಲು ಕರುವಿಗೆ ಸಂದಿತೇ ಎಂದು ವಿಚಾರಿಸಿದ ಬಳಿಕವೇ ವ್ರತಿಯು ಲೋಟವನ್ನು ಕೈಗೆತ್ತಿಕೊಳ್ಳಬೇಕು.