ಹೇಳದೆ ಆಡುವ ಕಾಲು

ಮನುಷ್ಯನು ತನ್ನ ಕೈಕಾಲುಗಳ ಕ್ರಿಯೆಗಳಿಗೆಲ್ಲಾ ಉತ್ತರವಾದಿಯಾಗಿದ್ದಾನೋ ಎಂಬ ಪ್ರಶ್ನೆಯು ಪಂಡಿತರ ನಡುವೆ ಮಾತ್ರ ಹುಟ್ಟುವಂಥದ್ದೆಂದು ನಾವು ಎಣಿಸುವದುಂಟು. ಆದರೆ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ಹುಣಿಸೇಮರದಿಂದ ಬಿದ್ದು, ಇಲ್ಲವೆ ಬಾವಿ ತೋಡುವಾಗ ಜಾರಿ, ಇಲ್ಲವೆ ಶೇಂಗಾ ಮೂಟೆ ಹೇರಿದ ಲಾರಿಯ ಮೇಲಿನಿಂದ ಉರುಳಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವನ ಮನೆಯಲ್ಲಿ ಆ ಪ್ರಶ್ನೆಯು ದಿನಾಲೂ ಏಳುತ್ತದೆ. ಹೆಂಡತಿಯು ಮುದ್ದೆಯ ತಟ್ಟೆಯನ್ನು ಹಾಸಿಗೆಯ ಬಳಿಯಲ್ಲಿಡುತ್ತಾಳೆ. ಸತ್ತಂತಿದ್ದ ಕಾಲು ತಟಕ್ಕನೆ ಸೆಟೆದು ಅದನ್ನು ಚೆಲ್ಲಿಬಿಡುತ್ತದೆ. ಇಲ್ಲಿ “ಒದ್ದನು” ಎನ್ನಬೇಕೋ, “ಒದ್ದಿತು” ಎನ್ನಬೇಕೋ?

ಪೆಟ್ಟು ಬಿದ್ದ ಮೊದಲಿನ ದಿವಸಗಳಲ್ಲಿ ಕಾಲುಗಳು ಸಡಿಲವಾಗಿ ಬಿದ್ದಿರುವವು. ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅವು ತಾವಾಗಿಯೇ ಮಡಚಿಕೊಳ್ಳುವದಕ್ಕೂ ಚಾಚಿಕೊಳ್ಳುವದಕ್ಕೂ ನಡುಗುವದಕ್ಕೂ ತೊಡಗುವವು. ಯಾಕಂದರೆ ಪೆಟ್ಟಿನ ಕೆಳಗಿರುವ ಹುರಿಯ ಭಾಗವು ಬಹುಮಟ್ಟಿಗೆ ಜೀವದಿಂದಿರುತ್ತದೆ. ಮೆದುಳಿನಿಂದ ಇಳಿದು ಬಂದು ಅದನ್ನು ಹತೋಟಿಯಲ್ಲಿಡುತ್ತಿದ್ದ ಅಪ್ಪಣೆಯು ಮಾತ್ರ ಅದಕ್ಕೆ ಮುಟ್ಟುವದಿಲ್ಲ. ಮೂಗುದಾರ ಹರಿದ ಎತ್ತು ಸತ್ತದ್ದಲ್ಲ. ನೊಣ ಕೂತರೂ ಅದು ಬೆದರಿ ಓಡುತ್ತದೆ. ಹಾಗೆಯೇ ಚರ್ಮಕ್ಕೆ ತಗಲಿದ ಸಣ್ಣ ಪ್ರೇರಣೆಯು ಹುರಿಗೆ ಹೋಗಿ, ಮೆದುಳನ್ನು ಕೇಳದೆಯೇ ತಿರುಗಿ ಬಂದು ಸ್ನಾಯುವನ್ನು ಎಳೆಯುತ್ತದೆ.

ಇದನ್ನರಿಯದವರಲ್ಲಿ ಕೆಲವರು ದೆವ್ವದ ಚೇಷ್ಟೆ ಎನ್ನುವರು. ಅದಕ್ಕಿಂತಲೂ ಕ್ರೂರವಾದದ್ದು “ಕಾಲು ಆಡಿತು, ಇನ್ನು ನಡೆಯುತ್ತಾನೆ” ಎಂಬ ಹರ್ಷವೇ. ಆ ಹರ್ಷದಲ್ಲಿ ಕುರಿ ಮಾರಿ, ಹೊಲ ಅಡವಿಟ್ಟು, ಎಣ್ಣೆ ತಿಕ್ಕುವವರ ಮನೆಗಳಿಗೆ ತಿರುಗಬೇಕಾಗುವದು. ಗಾಯವು ಪೂರ್ಣವಲ್ಲದ ಕೆಲವರಿಗೆ ಸ್ವಲ್ಪ ಬಲವು ತಿರುಗಿ ಬರುವದು ನಿಜ. ಆದರೆ ಹೇಳಿದಾಗ ಆಡುವ ಕಾಲು ಬೇರೆ, ಹೇಳದೆ ಆಡುವ ಕಾಲು ಬೇರೆ. ಈ ಭೇದವನ್ನು ಮನೆಯವರಿಗೆ ಮೃದುವಾಗಿಯಾದರೂ ತಿಳಿಸದಿರುವದು ದಯೆಯೆಂದು ನಾನು ಒಪ್ಪಲಾರೆನು.

ಹಾಗಾದರೆ “ಒದ್ದಿತು” ಎಂಬದೇ ಸತ್ಯವಾದ ಮಾತು. ಮನಸ್ಸಿಲ್ಲದ ಕಡೆಯಲ್ಲಿ ಅಪರಾಧವಿಲ್ಲ. ಆ ಮನುಷ್ಯನು ಹೆಂಡತಿಯ ಮುಂದೆ ನಾಚಿಕೊಳ್ಳಬೇಕಾದದ್ದಿಲ್ಲ, ಅವಳು ಅವನ ಮೇಲೆ ಮುನಿಯಬೇಕಾದದ್ದೂ ಇಲ್ಲ. (ಮುನಿಸು ಬರುವದಿಲ್ಲವೆಂದು ನಾನು ಹೇಳುವದಿಲ್ಲ, ರಾತ್ರಿ ನಾಲ್ಕು ಸಾರಿ ಎದ್ದವಳಿಗೆ ಅದು ಬರುವದೇ ಸರಿ.) ಇದರಲ್ಲಿ ಒಂದು ವಿಶೇಷವುಂಟು: ಕೋಪದ ಕೈ ಜಗ್ಗಿ ಎಳೆಯುತ್ತದೆ, ಜಗ್ಗಿದಷ್ಟೂ ಸೆಳೆತವು ಬಲಿಯುತ್ತದೆ. ಮೆಲ್ಲನೆ ಹಿಡಿದು, ಅದು ತಾನಾಗಿ ಇಳಿಯುವ ತನಕ ಕಾದು, ಬಳಿಕ ನಿಧಾನವಾಗಿ ನೀಡಿದರೆ ಸ್ನಾಯು ಸಡಿಲುವದು. ದಿನಾಲೂ ಹೀಗೆ ನೀಡದಿದ್ದರೆ ಕೀಲುಗಳು ಮಡಚಿದಲ್ಲಿಯೇ ಬಿಗಿದುಹೋಗುವವು.

ಆದಾಗ್ಯೂ “ಕಾಲು ನನ್ನ ಮಾತು ಕೇಳುವದಿಲ್ಲವಾದದರಿಂದ ಅದು ನನ್ನದಲ್ಲ” ಎಂದು ಅದನ್ನು ತಳ್ಳಿಬಿಡುವದು ಸರಿಯೋ? ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಿ ವರ್ಷಗಟ್ಟಲೆ ತುಳಿದು ಮನೆಯವರಿಗೆ ಅನ್ನ ಕೊಟ್ಟ ಕಾಲನ್ನು ನೇಕಾರನು ಕಸದಂತೆ ನೋಡುವದಕ್ಕೆ ಕಾರಣವೇನೋ ಉಂಟು. ಆದರೆ ಅದರಲ್ಲಿ ಅಪಾಯವಿದೆ. ಆ ಕಾಲಿಗೆ ನೋವು ತಿಳಿಯದು. ಹಿಮ್ಮಡಿಯಲ್ಲಿ ಹುಣ್ಣಾದರೂ, ಉಗುರು ಮಾಂಸದೊಳಗೆ ಬೆಳೆದರೂ, ಮೂತ್ರಕೋಶವು ತುಂಬಿ ಬಿಗಿದರೂ, ಮಲವು ಕಟ್ಟಿದರೂ, ಕಂಬಳಿಯ ಮಡಿಕೆಯು ಸೊಂಟದ ಕೆಳಗೆ ಒತ್ತಿದರೂ ಅವನಿಗೆ ಗೊತ್ತಾಗದು. ಅನೇಕ ವೇಳೆ ಸೆಳೆತವು ಹೆಚ್ಚಿದ್ದೇ ಅದರ ಸುದ್ದಿಯಾಗಿರುವದು. ಆದಕಾರಣ “ಸಹಿಸಿಕೋ ಅಪ್ಪಾ” ಎಂಬ ಹಿರಿಯರ ಬುದ್ಧಿಮಾತು ಬೇರೆ ಕಷ್ಟಗಳಲ್ಲಿ ಎಷ್ಟು ಒಳ್ಳೇದಾದರೂ ಇಲ್ಲಿ ಅರ್ಧ ಮಾತ್ರವೇ ಒಳ್ಳೇದು. ಮೊನ್ನೆಗಿಂತ ಈ ಹೊತ್ತು ಸೆಳೆತವು ಹೆಚ್ಚಾದರೆ ಹೊದಿಕೆ ತೆಗೆದು, ದೀಪ ಹಿಡಿದು, ಉಂಗುಷ್ಠದಿಂದ ಬೆನ್ನಿನ ವರೆಗೆ ನೋಡತಕ್ಕದ್ದು. ಎದೆಯ ಮೇಲ್ಭಾಗದಲ್ಲಿಯೋ ಕುತ್ತಿಗೆಯಲ್ಲಿಯೋ ಪೆಟ್ಟಾದವನಿಗೆ ತಲೆ ಸಿಡಿದು ಬೆವರು ಸುರಿದರೆ, ಕೂಡ್ರಿಸಿ, ಮೂತ್ರವನ್ನು ಹೊರಡಿಸಿ, ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು.

ತನ್ನದಲ್ಲದ ತಪ್ಪು, ಆದರೂ ತನ್ನದೇ ಆದ ಹೊಣೆ: ಇವೆರಡನ್ನೂ ಒಟ್ಟಿಗೆ ಹೊತ್ತವರು ನಮ್ಮ ದೇಶದಲ್ಲಿದ್ದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮೇರಿ ವರ್ಗೀಸ್ ಎಂಬ ವೈದ್ಯರು 1954ರಲ್ಲಿ ಮೋಟಾರು ಅಪಘಾತದಿಂದ ಬೆನ್ನುಹುರಿ ಜಖಂ ಆಗಿ ಕಾಲುಗಳ ಶಕ್ತಿಯನ್ನು ಕಳಕೊಂಡರು. ಬಳಿಕ ಅವರು ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಪ್ರಯಾಸದಿಂದ ವೆಲ್ಲೂರಿನಲ್ಲಿ 1966ರಲ್ಲಿ ಪುನಶ್ಚೇತನ ಸಂಸ್ಥೆಯು ಆರಂಭವಾಯಿತು. ಇಂಥವರಿಗೆ ತಮ್ಮ ದೇಹವನ್ನು ತಾವೇ ನೋಡಿಕೊಳ್ಳುವ ವಿದ್ಯೆಯನ್ನು ಕಲಿಸುವದು ಅದರ ಕೆಲಸ. ಅಷ್ಟು ದೂರ ಹೋಗಲಾರದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಅಂಥ ವಿಭಾಗವುಂಟು.

ಔಷಧವೂ ಉಂಟು. ಬ್ಯಾಕ್ಲೋಫೆನ್ ಎಂಬ ಮಾತ್ರೆಯು ಸೆಳೆತವನ್ನು ತಗ್ಗಿಸುತ್ತದೆ, ಮಂಪರನ್ನೂ ತರುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಸೆಳೆತವು ಉಕ್ಕಿ ಬಂದು ಪ್ರಾಣಕ್ಕೂ ಅಪಾಯವಾಗಬಹುದಾದ್ದರಿಂದ, ಕಡೇ ಮಾತ್ರೆಯು ಮುಗಿದ ಮೇಲೆ ಚಳ್ಳಕೆರೆಯ ಸಂತೆಯ ದಿನಕ್ಕೆ ಕಾಯಬಾರದು. ಸೆಳೆತವನ್ನೆಲ್ಲಾ ಅಳಿಸಿಬಿಡುವದೂ ಯಾವಾಗಲೂ ಲಾಭವಲ್ಲ. ಕೆಲವರು ಮಂಚದಿಂದ ಕುರ್ಚಿಗೆ ದಾಟುವಾಗ ಆ ಬಿಗಿತವನ್ನೇ ಊರುಗೋಲಾಗಿ ಮಾಡಿಕೊಳ್ಳುತ್ತಾರೆ. ಆದದರಿಂದ ವೈದ್ಯರ ಬಳಿಗೆ ಹೋಗುವವನು ರಾತ್ರಿ ಎಷ್ಟು ಸಾರಿ ಎಚ್ಚರವಾಯಿತು, ಯಾವ ಹೊತ್ತಿನಲ್ಲಿ ಕಾಲು ಚಾಚಿತು, ಯಾವ ಹೊತ್ತಿನಲ್ಲಿ ಮಡಚಿತು, ದಾಟುವಾಗ ಅದು ಆಸರೆಯಾಯಿತೋ ಕೆಡವಿತೋ ಎಂಬದನ್ನು ಒಂದು ವಾರ ಬರೆದಿಟ್ಟುಕೊಂಡು, ಆ ಕಾಗದವನ್ನು ಸಂಗಡ ತಕ್ಕೊಂಡು ಹೋಗಲಿ. ಬರೆಯಲಿಕ್ಕೆ ಬಾರದಿದ್ದರೆ ಶಾಲೆಗೆ ಹೋಗುವ ಮಗನೋ ಮಗಳೋ ಬರೆದುಕೊಡುವರು.